ಬದಲಿ ಡ್ರೈವರ್

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 2.40

ಎರಡನೇ ಗೇರ್ ಮತ್ತೆ ಕಚ್ಚುತ್ತಿದೆ. ಡಿಪೋ ಮೆಕ್ಯಾನಿಕ್‌ಗೆ ಮೂರನೇ ಸಲ ಬರೆದುಕೊಟ್ಟೆ. "ಓಡ್ತಾ ಇದೆಯಲ್ಲ" ಅಂದ. ನಾನೂ ಓಡುತ್ತಿದ್ದೇನೆ, ಹಾಗಂತ ನನ್ನ ಮಂಡಿ ಸರಿಯಾಗಿದೆಯೇ?

ನಾಲ್ಕನೇ ಟ್ರಿಪ್‌ಗೆ ಟೀಚರಮ್ಮ ಹತ್ತಿದರು. ರಿಟೈರ್ ಆಗಿ ಎಂಟು ವರ್ಷವಾಯಿತು. ಅದೇ ಬಸ್ಸು, ಅದೇ ಮೊದಲ ಸೀಟು... ಈಗ ಲೈಬ್ರರಿಗೆ ಹೋಗುತ್ತಾರೆ ಅಷ್ಟೆ. ಪಕ್ಕದಲ್ಲಿ ರಾತ್ರಿ ಡ್ಯೂಟಿ ಮುಗಿಸಿದ ನರ್ಸ್. ಪಾಪ, ಆಸ್ಪತ್ರೆಯಿಂದ ಎರಡು ಬೀದಿ ನಡೆದು ಬಂದು ಹತ್ತುತ್ತಾಳೆ. ನಮ್ಮ 14-ಎ ಆ ರಸ್ತೆಗೆ ಹೋಗುವುದಿಲ್ಲ. ಬರೀ 14 ಹೋಗುತ್ತದೆ. ಬಾನೆಟ್‌ಗೆ ಒರಗಿಕೊಂಡು ನಮ್ಮ ಕಂಡಕ್ಟರಮ್ಮ. ಈ ಮೂವರು ಸೇರಿದರೆ ಮುಗಿಯಿತು, ಸೀರಿಯಲ್ ಶುರು.

"ಹನ್ನೊಂದನೇ ಗೇಟು". ವಾರಕ್ಕೊಂದೇ ದಿನ, ಗುರುವಾರ ಸಂಜೆ ಏಳೂವರೆ. ರೈಲ್ವೆ ಗೇಟ್ ಕಾಯುವ ಒಬ್ಬ ಮನುಷ್ಯ. ಹೆಂಡತಿ ಸಾಯುವಾಗ ಗೇಟು ಬಿಟ್ಟು ಹೋಗಲಿಲ್ಲ. ಅವತ್ತಿನಿಂದ ಮಗಳು ಮಾತು ಬಿಟ್ಟಿದ್ದಾಳೆ. ನಲವತ್ತು ವಾರದಿಂದ ಅವನು ಮಾತಾಡಿಸುವುದು, ಅವಳು ಮುಖ ತಿರುಗಿಸುವುದು.

"ನೀವ್ಯಾಕಣ್ಣ ನೋಡಲ್ಲ?" ಅಂದಳು ಕಂಡಕ್ಟರಮ್ಮ.

"ನನಗೆ ಅಳೋದಕ್ಕೆ ಟ್ರಾಫಿಕ್ಕೇ ಸಾಕು" ಅಂದೆ.

ಸುಳ್ಳು. ಒಂದು ವಾರವೂ ಬಿಟ್ಟಿಲ್ಲ.

ಮೆಡಿಕಲ್ ಲಿಸ್ಟ್ ಅಂಟಿಸಿದ್ದಾರೆ. ಐವತ್ತು ದಾಟಿದ ಡ್ರೈವರ್‌ಗಳಿಗೆ ವರ್ಷಕ್ಕೊಮ್ಮೆ. ನನ್ನದು 28ಕ್ಕೆ, ಆ ನರ್ಸ್ ಕೆಲಸ ಮಾಡುವ ಆಸ್ಪತ್ರೆಯಲ್ಲೇ. ರಕ್ತ ತೆಗೆಯುತ್ತಾರೆ. ಬರೆಯುವಾಗಲೇ ಅಂಗೈ ಬೆವರುತ್ತಿದೆ. ಮೂವತ್ತು ವರ್ಷ ಇಷ್ಟು ದೊಡ್ಡ ಬಸ್ಸು ಓಡಿಸಿದವನು ಒಂದು ಸೂಜಿಗೆ ಹೆದರುತ್ತಾನೆ ಅಂದರೆ ಯಾರಾದರೂ ನಂಬುತ್ತಾರೆಯೇ? ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಮೆಡಿಕಲ್‌ಗೆ ಪ್ರತಿ ವರ್ಷ ಜೊತೆಗೆ ಬರುತ್ತಿದ್ದಳು, ಸೂಜಿ ಚುಚ್ಚುವಾಗ ಕೈ ಹಿಡಿದುಕೊಳ್ಳುತ್ತಿದ್ದಳು. ಮಗಳಿಗೆ ಹೇಳಬಾರದು ಅಂತ ಆಣೆ ಹಾಕಿಸಿದ್ದೆ. ಹೇಳಲಿಲ್ಲ.

ಅವಳು ತೀರಿಕೊಂಡ ಮೇಲೆ ಆರು ವರ್ಷದಿಂದ ಕಣ್ಣು ಮುಚ್ಚಿಕೊಂಡು ಒಬ್ಬನೇ ಹೋಗಿ ಬರುತ್ತೇನೆ. ಹೋದ ವರ್ಷ ತಲೆ ತಿರುಗಿ ಬಿದ್ದೆ. ಬೆಳಿಗ್ಗೆ ತಿಂದಿಲ್ಲ ಅಂತ ನೆಪ ಹೇಳಿದೆ.

ಮಾರ್ಚ್ 6, ಗುರುವಾರ. ರಾತ್ರಿ 8.50

ಅಕ್ಷರ ಸೊಟ್ಟ. ಆಗಲಿ. ನೋಡುವವರು ಯಾರು.

ಇವತ್ತಿನ ಎಪಿಸೋಡ್... ಗೇಟ್‌ಮನ್ ಕೋಣೆಯಲ್ಲಿ ಇಲ್ಲ. ಮಗಳು ಯಾವುದೋ ಕಾಗದ ಹುಡುಕಲು ಬರುತ್ತಾಳೆ. ಬಾವುಟದ ಪೆಟ್ಟಿಗೆಯ ತಳದಲ್ಲಿ ಗೇಟಿನ ಹಳೇ ರಿಜಿಸ್ಟರ್. ತಾಯಿ ಸತ್ತ ದಿನದ ಪುಟ. ಅವನದೇ ಕೈಬರಹ. ಗಟ್ಟಿಯಾಗಿ ಓದುತ್ತಾಳೆ: "4.10. ಬದಲಿ ಕೇಳಿದೆ. ಬಂದಿಲ್ಲ. 4.35. ಮತ್ತೆ ಕೇಳಿದೆ. ಬಂದಿಲ್ಲ. 5.05. ಕೈ ಮುಗಿದು ಕೇಳಿದೆ. ಬಂದಿಲ್ಲ." ಆಮೇಲೆ ಬರೀ ಸಮಯ. 5.20. ಮುಂದೆ ಏನೂ ಇಲ್ಲ. ಹೆಂಡತಿ ಹೋದ ಸಮಯ ಅದು.

ಆ ಹುಡುಗಿ ಅಳಲಿಲ್ಲ. ಪುಟದ ಮೇಲೆ ಅಂಗೈ ಇಟ್ಟು ಕೂತಳು. ಹಿಂದೆ ರೈಲು ಹೋಯಿತು. ಅಷ್ಟೆ, ಮುಗಿಯಿತು.

ಫೋನ್ ಬಂತು. ಮಗಳು. ಭಾನುವಾರಕ್ಕೊಮ್ಮೆ, ಲೆಕ್ಕ ಹಾಕಿದಂತೆ ಒಂದು ನಿಮಿಷ ಮಾತಾಡುವವಳು. ಊಟ ಆಯ್ತಾ, ಆಯ್ತು, ಇಡ್ತೀನಿ. ಇವತ್ತು ಗುರುವಾರ. ಬಿಕ್ಕುತ್ತಿದ್ದಳು.

"ಅಪ್ಪಾ, ಹನ್ನೊಂದನೇ ಗೇಟು ನೋಡಿದ್ಯಾ?"

"ನೋಡಿದೆ."

"ನೀನೂ ಹೇಳಿದ್ದೆ, ಬದಲಿ ಡ್ರೈವರ್ ಇರ್ಲಿಲ್ಲ ಅಂತ. ನಾನು ಕೇಳಿಸ್ಕೊಳ್ಳಲೇ ಇಲ್ಲ. ಬಸ್ಸನ್ನ ರಸ್ತೆಲೇ ಬಿಟ್ಟು ಬರಬೇಕಿತ್ತು ಅಂದೆ. ನೀನೂ ಹಿಂಗೇ ಕೇಳಿರ್ತೀಯ ಅಲ್ವಾ ಅಪ್ಪಾ? ಬದಲಿ ಕೊಡಿ, ಬದಲಿ ಕೊಡಿ ಅಂತ?"

ಹೂಂ ಅಂದೆ.

"ಭಾನುವಾರ ಬರ್ತೀನಿ" ಅಂದಳು. ಈ ಮನೆಗೆ ಬಂದು ಎರಡು ವರ್ಷದ ಮೇಲಾಯಿತು.

ಹೂಂ. ಒಂದೇ ಒಂದು ಅಕ್ಷರ. ಅದು ಹೇಗೆ ಬಾಯಿಂದ ಬಂತೋ ನನಗೇ ಗೊತ್ತಿಲ್ಲ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 3

ಇವತ್ತು ಮಾನ ಹೋಯಿತು.

ಬಸ್ಸು ತುಂಬಾ ಊದಿದ ಕಣ್ಣುಗಳು. ಟೀಚರಮ್ಮನ ಕರವಸ್ತ್ರ ಕೈಯಲ್ಲೇ ಇತ್ತು. ಕಂಡಕ್ಟರಮ್ಮ ಟಿಕೆಟ್ ಹರಿಯುವುದು ಬಿಟ್ಟು ಫೋನಿನಲ್ಲಿ ಅಭಿಮಾನಿಗಳ ಗ್ರೂಪ್ ಓದುತ್ತಿದ್ದಳು. "ಇಲ್ಲೊಬ್ಬರು ಬರ್ದಿದಾರೆ, ಒಲೆ ಮೇಲಿದ್ದ ಅಡುಗೆ ಸೀದು ಹೊಗೆ ಬಂತಂತೆ, ಆದ್ರೂ ಏಳ್ಲಿಲ್ಲವಂತೆ. ಇನ್ನೊಬ್ರು ಹತ್ತು ವರ್ಷದಿಂದ ಮಾತಾಡ್ದೇ ಇದ್ದ ತಮ್ಮನಿಗೆ ಫೋನ್ ಮಾಡಿದ್ರಂತೆ."

"ನಾನು ಮೊದಲಿಂದ್ಲೂ ಹೇಳ್ತಿದ್ದೆ, ಅವನು ಒಳ್ಳೇವ್ನು ಅಂತ" ಅಂದರು ಟೀಚರಮ್ಮ.

"ಹೋದ ತಿಂಗಳು ಅವನನ್ನ ಕಲ್ಲು ಅಂದಿದ್ದು ಯಾರು ಮೇಡಂ?"

"ಅದು ಹೋದ ತಿಂಗಳು."

ಹಿಂದಿನ ಸೀಟುಗಳಿಂದಲೂ ಜನ ಎದ್ದು ಬಂದರು. ಟೈಲರ್ ಒಬ್ಬ, ಮೇಲಧಿಕಾರಿಗಳ ಮೇಲೆ ಕೇಸು ಹಾಕಬೇಕು ಅಂತ ಕೂಗಾಡಿದ. ಸೀರಿಯಲ್‌ನ ಮೇಲಧಿಕಾರಿಗಳ ಮೇಲೆ. ನನ್ನ ಕಿವಿಯೆಲ್ಲ ಅಲ್ಲೇ. ಎಲ್ಲರೂ ಆ ಮನುಷ್ಯನನ್ನು ಹೊಗಳುತ್ತಿದ್ದರು. ಕೈಗಳು ಅವುಗಳ ಪಾಡಿಗೆ ಅವು ಸ್ಟಿಯರಿಂಗ್ ತಿರುಗಿಸುತ್ತಿದ್ದವು.

"ಇದೇನಿದು, ನಮ್ಮ ಆಸ್ಪತ್ರೆ ಬಂತಲ್ಲ" ಅಂದಳು ನರ್ಸ್. "ಈಗ ತಾನೆ ಇಲ್ಲಿಂದ ಕಾಲೆಳ್ಕೊಂಡು ನಡ್ಕೊಂಡು ಬಂದೆ."

ನೋಡಿದೆ. ಹೌದು. ಹಳದಿ ಗೋಡೆ, ಕಬ್ಬಿಣದ ಗೇಟು, ಬೆಂಚುಗಳ ಸಾಲು. 14-ಎ ಬೋರ್ಡಿನ ಬಸ್ಸನ್ನು ಹಳೇ 14ರ ರಸ್ತೆಯಲ್ಲಿ ತಂದು ನಿಲ್ಲಿಸಿದ್ದೆ. ಎರಡು ಸ್ಟಾಪ್ ತಪ್ಪಿತ್ತು. ಐವತ್ತು ಜನರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ.

ಈ ರಸ್ತೆ ದಿನಾ ನೋಡಬಾರದು ಅಂತಲೇ ಹೆಂಡತಿ ಈ ಆಸ್ಪತ್ರೆಯಲ್ಲಿ ಹೋದ ಮೇಲೆ ಕೈಕಾಲು ಹಿಡಿದು ರೂಟ್ ಬದಲಾಯಿಸಿಕೊಂಡಿದ್ದೆ.

ಜನ ನಕ್ಕರು. ಡ್ರೈವರಣ್ಣನೂ ಗೇಟ್‌ಮನ್ ಅಭಿಮಾನಿ ಅಂತ ಗೊತ್ತಾಯಿತು ಅಂದರು. ಬಸ್ಸು ಹಿಂದೆ ತಿರುಗಿಸಲು ಹತ್ತು ನಿಮಿಷ ಬೇಕಾಯಿತು. ಕಂಟ್ರೋಲರ್ ಮೆಮೊ ಕೊಟ್ಟ. "ಕಾರಣ" ಅನ್ನುವಲ್ಲಿ ಏನು ಬರೆಯಲಿ? "ಗಮನ ಬೇರೆಡೆ ಇತ್ತು" ಅಂತ ಬರೆದೆ.

ಮಾರ್ಚ್ 9, ಭಾನುವಾರ. ಸಂಜೆ 6

ಬಂದಿದ್ದಳು. ಈಗ ತಾನೆ ಹೋದಳು. ಮನೆಯಲ್ಲಿ ಇನ್ನೂ ಅವಳ ಸೋಪಿನ ವಾಸನೆ ಇದೆ.

ಬಂದವಳೇ ಕಿಟಕಿ ತೆರೆದಳು, ಪರದೆ ಕಿತ್ತು ನೆನೆ ಹಾಕಿದಳು, ನನ್ನ ಬನಿಯನ್‌ಗಳಲ್ಲಿ ನಾಲ್ಕನ್ನು ನೆಲ ಒರೆಸುವ ಬಟ್ಟೆ ಅಂತ ತೀರ್ಮಾನಿಸಿದಳು. ಥೇಟ್ ಅವರಮ್ಮ. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳದು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ನನ್ನ ಹಳೇ ಚೀಟಿ ನೋಡಿ ಹೊಸ ಕನ್ನಡಕ ತಾನೇ ಮಾಡಿ ತಂದಿದ್ದಳು. ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಬೆರಳಿಟ್ಟು ಬಿಗಿ ನೋಡಿದಳು. ಹತ್ತೊಂಬತ್ತನೇ ವಯಸ್ಸಿಗೆ ಅಮ್ಮನ ಮಂಚದ ಪಕ್ಕ ಒಬ್ಬಳೇ ಕೂತಿದ್ದ ಹುಡುಗಿ. ಈಗ ಇಪ್ಪತ್ತೈದು. ಹಣೆಯಲ್ಲಿ ಒಂದು ಗೆರೆ ಬಂದಿದೆ. ಹೊಸ ಗಾಜಿನಲ್ಲಿ ಅದು ಸ್ಪಷ್ಟವಾಗಿ ಕಂಡಿತು.

"ಆರು ವರ್ಷ ನಿನ್ನ ಮೇಲೆ ಸಿಟ್ಟಿಟ್ಕೊಂಡಿದ್ದೆ. ತಪ್ಪಾಯ್ತು ಅಪ್ಪಾ."

ಅವಳು ಹೇಳಬೇಕೇ ಆ ಮಾತನ್ನು? ನನಗೆ?

ಹೇಳಿಬಿಡಬೇಕಿತ್ತು. ನಾಲಿಗೆ ಹೊರಳಲಿಲ್ಲ. ಅವಳು ನಗುತ್ತಿದ್ದಳು. ಆ ನಗು ನೋಡಿ ಎಷ್ಟು ದಿನವಾಗಿತ್ತು... ಹೊಟ್ಟೆ ತುಂಬಾ ಊಟ ಮಾಡಿಸಿ ಹೋದಳು. ಒಂದು ತುತ್ತೂ ಮೈಗೆ ಹತ್ತಿಲ್ಲ.

ಇಲ್ಲಿಯಾದರೂ ಬರೆದುಬಿಡುತ್ತೇನೆ. ಇದುವರೆಗೆ ಇಲ್ಲಿಯೂ ಬರೆದಿಲ್ಲ.

ಬದಲಿ ಡ್ರೈವರ್ ಇದ್ದ. ಡಿಪೋದಲ್ಲಿ ನಾವೆಲ್ಲ ಮೀಸೆ ಅಂತ ಕರೆಯುವವನು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಚೀಟಿ ಕೊಟ್ಟ: ಆಸ್ಪತ್ರೆಯಿಂದ ಫೋನ್, ತಕ್ಷಣ ಬರಬೇಕಂತೆ. ಮೀಸೆ ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಬಂದ. "ಇಳಿಯೋ, ನಾನು ನೋಡ್ಕೋತೀನಿ" ಅಂದ. ಬಾಗಿಲು ತೆರೆದು ಹಿಡಿದುಕೊಂಡು ನಿಂತ. ಆಸ್ಪತ್ರೆಗೆ ಏಳು ನಿಮಿಷದ ದಾರಿ.

"ಇದೊಂದು ಟ್ರಿಪ್ ಮುಗಿಸಿ ಹೋಗ್ತೀನಿ" ಅಂದೆ.

ಹೆದರಿಕೆ. ಬೇರೆ ಏನೂ ಅಲ್ಲ. ಆ ವಾಸನೆ, ಆ ಟ್ಯೂಬುಗಳು, ಆ ಮಂಚದಲ್ಲಿ ಅವಳು. ಕೈಕಾಲು ತಣ್ಣಗಾಗಿದ್ದವು. ಸ್ಟಿಯರಿಂಗ್ ಹಿಡಿದುಕೊಂಡರೆ ಮಾತ್ರ ನಡುಕ ನಿಲ್ಲುತ್ತಿತ್ತು. ಐವತ್ತು ನಿಮಿಷದ ಟ್ರಿಪ್. ಎಲ್ಲ ಸ್ಟಾಪಿನಲ್ಲೂ ನಿಲ್ಲಿಸಿದೆ, ಕೈ ತೋರಿಸಿದವರಿಗೂ ನಿಲ್ಲಿಸಿದೆ. ಅವಳು ಮೂವತ್ತೈದನೇ ನಿಮಿಷಕ್ಕೆ ಹೋಗಿದ್ದಳು.

ಮಗಳು ಕೇಳಿದಾಗ ಬದಲಿ ಇರಲಿಲ್ಲ ಅಂದೆ. ಅಷ್ಟೆ.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 2.30

ಮೀಸೆ ಸಿಕ್ಕಿದ. ಡಿಪೋದ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ. ಅವನೂ ನೋಡಿದ್ದಾನಂತೆ. "ಮೀಸೆ ಎಲ್ಲ ಒದ್ದೆ ಆಯ್ತು ಮಾರಾಯ, ಹೆಂಡತಿ ಟವೆಲ್ ತಂದ್ಕೊಟ್ಳು" ಅಂದ. ನಗು ಬಂತು.

ಮಗಳು ಬಂದಿದ್ದು ಹೇಳಿದೆ. ಹೂಂ ಅಂದಿದ್ದೂ ಹೇಳಿದೆ.

"ಬಾಯಿ ಮುಚ್ಕೊಂಡಿರು" ಅಂದ. "ಆರು ವರ್ಷ ನಾನೂ ಮುಚ್ಕೊಂಡಿದೀನಿ. ಮಗಳು ಮನೆಗೆ ಬಂದಿದಾಳೆ. ಈಗ ಹೋಗಿ ಆ ಕಥೆ ತೆಗೆದ್ರೆ ತಿರುಗಿ ನೋಡ್ತಾಳಾ?"

ನಾಲ್ಕು ಹೆಜ್ಜೆ ಹೋದವನು ಹಿಂದೆ ಬಂದ. "ಅವತ್ತು ನಿನ್ನ ಕಾಲರ್ ಹಿಡಿದು ಇಳಿಸಬೇಕಿತ್ತು ಕಣೋ. ಆ ಗೇಟ್‌ಮನ್ ನೋಡ್ತಾ ನಂಗೆ ಅದೇ ಯೋಚ್ನೆ."

ಅವನೂ ಹೊತ್ತುಕೊಂಡು ತಿರುಗುತ್ತಿದ್ದಾನೆ. ಗೊತ್ತೇ ಇರಲಿಲ್ಲ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 3.10

ಬಸ್ಸಿನಲ್ಲಿ ನಾಳೆಯ ಎಪಿಸೋಡಿನದೇ ಮಾತು. ಅಪ್ಪ-ಮಗಳು ಒಂದಾಗುತ್ತಾರೆ ಅಂತ ಟೀಚರಮ್ಮ, ಇನ್ನೂ ಐದು ವಾರ ಎಳೆಯುತ್ತಾರೆ ಅಂತ ಕಂಡಕ್ಟರಮ್ಮ. ಸಿಗ್ನಲ್‌ನಲ್ಲಿ ನಿಂತಿದ್ದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಬದಲಿ ಬಂದಿದ್ದೂ ಅವನು ಹೋಗ್ದೇ ಇದ್ದಿದ್ರೆ?" ಅಂದೆ.

"ಯಾಕೆ ಹೋಗಲ್ಲ?" ಅಂದರು ಟೀಚರಮ್ಮ.

"ಹೆದರಿಕೆಗೆ."

ಹಸಿರು ಬಿತ್ತು, ಹಿಂದಿನವನು ಹಾರ್ನ್ ಹೊಡೆದ.

"ಅಂಥವ್ನ ಸೀರಿಯಲ್ ಯಾರಪ್ಪ ನೋಡ್ತಾರೆ" ಅಂದರು ಟೀಚರಮ್ಮ.

"ನಾನು ನೋಡ್ತೀನಿ" ಅಂದಳು ಕಂಡಕ್ಟರಮ್ಮ. ಟಿಕೆಟ್ ಪುಸ್ತಕದಿಂದ ತಲೆ ಎತ್ತಲಿಲ್ಲ.

ನರ್ಸ್ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಅಂಥವ್ರನ್ನ ನಾನು ದಿನಾ ನೋಡ್ತೀನಿ. ಹೊರಗೆ ಬೆಂಚ್ ಮೇಲೆ ಕೂತಿರ್ತಾರೆ. ಮೂರು ಸಲ ಕರೆದ್ರೂ ಏಳಲ್ಲ. ಕೆಟ್ಟೋರಲ್ಲ ಅವ್ರು. ಕೈ ಹಿಡಿದು ಎಬ್ಬಿಸ್ಬೇಕು, ಬರ್ತಾರೆ."

ಮುಂದಿನ ಸ್ಟಾಪಿನವರೆಗೆ ಕನ್ನಡಿ ನೋಡಲಿಲ್ಲ. ಕಣ್ಣು ಮಂಜಾಗಿತ್ತು. ಹೊಸ ಕನ್ನಡಕದ ತಪ್ಪೇನಿಲ್ಲ.

ಮಾರ್ಚ್ 13, ಗುರುವಾರ. ರಾತ್ರಿ 9

ಟೀಚರಮ್ಮ ಗೆದ್ದರು. ಗೇಟಿನ ಆಚೆ ಮಗಳು, ಈಚೆ ಅಪ್ಪ, ನಡುವೆ ಗೂಡ್ಸ್ ರೈಲು. ಕೊನೆಯ ಡಬ್ಬಿ ದಾಟಿದಾಗ ಅವಳು "ಅಪ್ಪಾ" ಅಂತಾಳೆ. ನಲವತ್ತೆರಡು ವಾರಕ್ಕೆ ಮೊದಲ ಸಲ.

ಪಕ್ಕದ ಮನೆಯಿಂದ ಚಪ್ಪಾಳೆ ಕೇಳಿಸಿತು.

ಜಾಹೀರಾತು ಮುಗಿಯುವ ಮೊದಲೇ ಮಗಳ ಫೋನ್. ಖುಷಿಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಅವಳ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದಾಳಂತೆ, ನಮ್ಮಪ್ಪನೂ ಹಾಗೇ ಅಂತ. ಡ್ಯೂಟಿ ಮೇಲೆ ಇದ್ದರು, ಬದಲಿ ಸಿಗಲಿಲ್ಲ ಅಂತ. ಯಾರೋ ಗಿರಾಕಿ ಕಣ್ಣೊರೆಸಿಕೊಂಡರಂತೆ.

ಇನ್ನು ಆಗಲಿಲ್ಲ.

"ಬದಲಿ ಇದ್ದ" ಅಂದೆ.

"ಏನು?"

"ಬದಲಿ ಡ್ರೈವರ್ ಇದ್ದ. ಬಾಗಿಲು ತೆಗೆದು ನಿಂತಿದ್ದ. ನಾನೇ ಇಳಿಯಲಿಲ್ಲ. ಹೆದರಿಕೆ ಆಯ್ತು ಮಗಾ. ಒಳಗೆ ಬಂದು ನಿಮ್ಮಮ್ಮನ್ನ ಹಂಗೆ ನೋಡೋಕೆ. ಆಮೇಲೆ ನಿನಗೆ ಸುಳ್ಳು ಹೇಳಿದೆ."

ಆ ಕಡೆಯೂ ಟಿವಿ ಓಡುತ್ತಿತ್ತು, ಅದೇ ಸೋಪಿನ ಜಾಹೀರಾತು.

"ಇಡ್ತೀನಿ" ಅಂದಳು.

ಮಾರ್ಚ್ 14, ಶುಕ್ರವಾರ

ಆರು ಟ್ರಿಪ್. ರೂಟ್ ತಪ್ಪಲಿಲ್ಲ.

ಮಾರ್ಚ್ 16, ಭಾನುವಾರ. ರಾತ್ರಿ 8

ಫೋನ್ ಬಂದಿಲ್ಲ. ಒಂದು ನಿಮಿಷದ ಫೋನೂ ಇಲ್ಲ. ಒಗೆದ ಪರದೆ ನಾನೇ ಮತ್ತೆ ಕಟ್ಟಿದೆ. ಸೊಟ್ಟಗಾಗಿದೆ.

ಮಾರ್ಚ್ 20, ಗುರುವಾರ. ರಾತ್ರಿ 8.30

ಇವತ್ತಿನ ಎಪಿಸೋಡಿನಲ್ಲಿ ಅಪ್ಪ-ಮಗಳು ಹೊಸ ಗಿಡ ನೆಟ್ಟರು. ಗ್ರೂಪಿನಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ ಬಿಡು. ನಾನು ಎದ್ದು ಪಾತ್ರೆ ತೊಳೆದೆ.

ಮೀಸೆ ಹೇಳಿದ್ದು ಸರಿಯೇ? ಗೊತ್ತಿಲ್ಲ. ಆದರೆ ವಿಚಿತ್ರ ಏನೆಂದರೆ, ಹೋದ ವಾರದಿಂದ ನಿದ್ದೆ ಬರುತ್ತಿದೆ. ಮಗಳು ಕೈತಪ್ಪಿ ಹೋಗಿದ್ದಾಳೆ, ಸಂಕಟ ಎದೆಯಲ್ಲೇ ಇದೆ, ಆದರೂ ಬೆಳಿಗ್ಗೆ ಅಲಾರಂ ಹೊಡೆದಾಗ ಗೊತ್ತಾಗುತ್ತದೆ, ರಾತ್ರಿಯೆಲ್ಲ ಸತ್ತ ಹಾಗೆ ಮಲಗಿದ್ದೆ.

ಮಾರ್ಚ್ 24, ಸೋಮವಾರ. ಮಧ್ಯಾಹ್ನ 2.50

ನಿನ್ನೆಯೂ ಫೋನ್ ಇಲ್ಲ. ಎರಡು ಭಾನುವಾರ ಆಯಿತು.

ಕಂಟ್ರೋಲರ್‌ಗೆ ಅರ್ಜಿ ಕೊಟ್ಟೆ. ಮುಂದಿನ ತಿಂಗಳಿನಿಂದ ಮತ್ತೆ 14. ಆಸ್ಪತ್ರೆ ರಸ್ತೆ. ಅವನಿಗೆ ಆಶ್ಚರ್ಯ. "ಅವತ್ತು ಬೇಡ ಬೇಡ ಅಂತ ಕೂತಿದ್ರಿ" ಅಂದ.

"ಆ ನರ್ಸಮ್ಮ ಎರಡು ಬೀದಿ ನಡೀತಾಳೆ" ಅಂದೆ.

ಪೂರ್ತಿ ಸುಳ್ಳಲ್ಲ.

ಮಾರ್ಚ್ 27, ಗುರುವಾರ. ರಾತ್ರಿ 9.20

ಸಮಾಧಾನವಾಗಿ ಬರೆಯಬೇಕು. ಒಂದೂ ಬಿಡಬಾರದು.

7.20ಕ್ಕೆ ಬಾಗಿಲು ಬಡಿದ ಸದ್ದು. ತೆಗೆದರೆ ಮಗಳು. ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದಳು, ಸೊಟ್ಟ ಪರದೆ ನೋಡಿದಳು, ಅದರ ಬಗ್ಗೆ ಏನೂ ಅನ್ನಲಿಲ್ಲ. ಅವರಮ್ಮ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಟಿವಿ ಹಾಕಿದಳು. ನಾನು ಚಹಾ ಮಾಡಿದೆ. ಕುಡಿದಳು. ಗೇಟ್‌ಮನ್ ಏನು ಮಾಡಿದ, ಮಗಳು ಏನು ಅಂದಳು, ನನಗೆ ಒಂದೂ ತಲೆಗೆ ಹೋಗಲಿಲ್ಲ.

ಮೊದಲ ಜಾಹೀರಾತಿಗೆ ಸೌಂಡ್ ತೆಗೆದಳು.

"ಅಮ್ಮ ಅವತ್ತು ಕೊನೇಲಿ ಒಂದು ಮಾತು ಹೇಳಿದ್ಲು" ಅಂದಳು. ಟಿವಿ ಕಡೆಗೇ ನೋಡುತ್ತಿದ್ದಳು. "ನಿನಗೆ ಹೇಳಿಲ್ಲ ನಾನು. ನಿನಗೆ ಮಾತ್ರ ಅಲ್ಲ, ಯಾರಿಗೂ ಹೇಳಿಲ್ಲ. 'ನಿಮ್ಮಪ್ಪಂಗೆ ಆಸ್ಪತ್ರೆ ಅಂದ್ರೆ ಭಯ ಕಣೇ. ಬರ್ತಾರೆ, ಸ್ವಲ್ಪ ತಡ ಆಗುತ್ತೆ ಅಷ್ಟೆ. ಬಂದ್ರೆ ಬೈಬೇಡ' ಅಂದ್ಲು."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಹೇಗಿಟ್ಟೆನೋ.

"ನಾನು ನಂಬ್ಲಿಲ್ಲ. ನಮ್ಮಪ್ಪ ಭಯ ಪಡೋದಾ? ನಾನು ಒಂದು ದಿನಾನೂ ನೋಡಿಲ್ಲ. ಸಾಯೋ ಹೊತ್ನಲ್ಲೂ ಗಂಡನ್ನ ವಹಿಸ್ಕೊಂಡು ಸುಳ್ಳು ಹೇಳ್ತಿದಾಳೆ ಅಂತ ಅಮ್ಮನ ಮೇಲೂ ಸಿಟ್ಟು ಬಂತು. ಆರು ವರ್ಷ ಅಪ್ಪಾ... ನಿನ್ನ ಮೇಲಿದ್ದಿದ್ದಕ್ಕಿಂತ ಜಾಸ್ತಿ ಅಮ್ಮನ ಮೇಲೆ ಸಿಟ್ಟಿತ್ತು. ಅವಳ ಫೋಟೋ ಕೂಡ ಇಟ್ಕೊಂಡಿರ್ಲಿಲ್ಲ. ನೀನು ಫೋನಲ್ಲಿ ಹೆದರಿಕೆ ಆಯ್ತು ಅಂದ್ಯಲ್ಲ... ಅಮ್ಮ ನಿಜ ಹೇಳಿದ್ಲು ಅಂತ ಆವಾಗ ಗೊತ್ತಾಯ್ತು."

ಎರಡು ವಾರ ಫೋನ್ ಮಾಡಲಿಲ್ಲವಲ್ಲ ಅಂದೆ.

"ಮೊದಲು ಅಮ್ಮನ ಹತ್ರ ತಪ್ಪಾಯ್ತು ಅನ್ನಬೇಕಿತ್ತು. ಅದಕ್ಕೇ ಇಷ್ಟು ದಿನ ಹಿಡೀತು. ನಿನ್ನ ಸರದಿ ಇನ್ನೂ ಬಂದಿಲ್ಲ. ನಿನ್ನ ಮೇಲೆ ಸಿಟ್ಟಿದೆ ನಂಗೆ."

"ಇರ್ಲಿ."

"ಇರುತ್ತೆ."

ಆಗ ಅತ್ತುಬಿಟ್ಟೆ. ಅವಳ ಮುಂದೆಯೇ, ಗಂಡಸು ಅನ್ನುವ ನಾಚಿಕೆ ಬಿಟ್ಟು. ಬರ್ತಾರೆ ಅಂದಿದ್ದಳು. ಬೈಬೇಡ ಅಂದಿದ್ದಳು. ನಾನು ಬರದಿದ್ದರೂ ಅವಳಿಗೆ ನಾನು ಗೊತ್ತಿದ್ದೆ. ನಾನು ಆ ಸುಳ್ಳನ್ನೇ ಹಿಡಿದು ಕೂತಿದ್ದರೆ ಈ ಮಾತು ನನ್ನವರೆಗೆ ಬರುತ್ತಲೇ ಇರಲಿಲ್ಲ, ಮಗಳ ಹೊಟ್ಟೆಯಲ್ಲೇ ಕೊಳೆತು ಹೋಗುತ್ತಿತ್ತು.

ಸೀರಿಯಲ್ ಮುಗಿದಿತ್ತು. ಇಬ್ಬರಲ್ಲಿ ಒಬ್ಬರೂ ನೋಡಿರಲಿಲ್ಲ.

ಹೊರಡುವಾಗ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತಳು. 28ರ ಸುತ್ತ ಕೆಂಪು ಶಾಯಿ.

"ನಾಳೆ ಏನು?"

"ಮೆಡಿಕಲ್. ರಕ್ತ ತೆಗೀತಾರೆ."

ನನ್ನ ಮುಖ ನೋಡಿದಳು. ತುಟಿಯ ಒಂದು ತುದಿ ನಗುವುದೋ ಬೇಡವೋ ಅಂತ ಅಲ್ಲಾಡಿತು.

"ಎಷ್ಟು ಗಂಟೆಗೆ?"

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 9.35. ಆಸ್ಪತ್ರೆ, ಹೊರಗಿನ ಬೆಂಚು

ಡೈರಿ ಜೇಬಿನಲ್ಲಿ ತಂದಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಅಕ್ಷರ ಕುಣಿಯುತ್ತಿದೆ.

ಅದೇ ವಾಸನೆ. ನನ್ನ ಟೋಕನ್ 17. ಒಳಗೆ 14 ನಡೆಯುತ್ತಿದೆ.

9.45. ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ರಜೆ ಕೊಡಲಿಲ್ಲವೇನೋ. ಸಿಟ್ಟಿದೆ ಅಂದಳಲ್ಲ. ಬರದಿದ್ದರೆ ಕೇಳುವ ಹಕ್ಕು ನನಗಿಲ್ಲ. 15 ಒಳಗೆ ಹೋದ.

9.52. ನಮ್ಮ ನರ್ಸ್ ಇದೇ ದಾರಿಯಲ್ಲಿ ಹೋದಳು. "ಅಯ್ಯೋ ಡ್ರೈವರಣ್ಣ, ನೀವೂನಾ ಈ ಬೆಂಚ್ ಮೇಲೆ" ಅಂದಳು. ಹೂಂ ಅಂದೆ. ಈ ಸಲ ನಿಜವಾದ ಹೂಂ. 16.

9.58. ಗೇಟಿನ ಹತ್ತಿರ 14ನೇ ನಂಬರ್ ಬಸ್ಸು ನಿಂತಿದೆ. ಮೀಸೆ ಓಡಿಸುತ್ತಿದ್ದಾನೆ. ಬಾಗಿಲು ತೆರೆದಿದೆ, ಒಬ್ಬಳು ಓಡಿ ಇಳಿಯುತ್ತಿದ್ದಾಳೆ, ಚೀಲ ಹೆಗಲಿಂದ ಜಾರುತ್ತಿದೆ. ಅವಳೇ. ಸ್ವಲ್ಪ ತಡ ಆಯಿತು ಅಷ್ಟೆ.

17 ಅಂತ ಕೂಗಿದರು. ಎದ್ದೇಳಲು ಆಗುತ್ತಿಲ್ಲ. ಬಂದಳು, ಏದುಸಿರು ಬಿಡುತ್ತಿದ್ದಾಳೆ, ಮಾತಿಲ್ಲ, ಪೆನ್ನು ಹಿಡಿದ ಕೈಯನ್ನೇ ಹಿಡಿದು ಎಬ್ಬಿ